ಕತ್ತಲೆಕೋಣೆಯ ಅಣಬೆ

ಮೂವತ್ತು ವರ್ಷಗಳಲ್ಲಿ ನಮ್ಮ ಯಜಮಾನರ ಬಾಯಿಂದ ನಾನು ಅತಿ ಹೆಚ್ಚು ಕೇಳಿದ ಮಾತೆಂದರೆ, "ಬಾಗಿಲು ಹಾಕೇ!" ಫೋಟೋ ತೊಳೆಯುವ ಕತ್ತಲೆಕೋಣೆ ಅವರದು. ಮದುವೆಯಾದ ಹೊಸತರಲ್ಲಿ ಟೀ ಕೊಡೋಣವೆಂದು ಬಾಗಿಲು ತೆಗೆದು ಯಾರದೋ ಮದುವೆಯ ಫಿಲ್ಮನ್ನು ಪೂರಾ ಹಾಳು ಮಾಡಿದ್ದೆ. ಮೂರು ದಿನ ಮುಖ ಊದಿಸಿಕೊಂಡಿದ್ದರು, ಪುಣ್ಯಾತ್ಮ.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅದೇ ಕೋಣೆಯಲ್ಲಿ ಅಣಬೆ ಬೆಳೆಯುತ್ತೇನೆಂದು ಹೊರಟರು. ಕಟ್ಟಡ ಭಾವನದು, ಇವರ ಅಣ್ಣನದು. "ಈ ತಿಂಗಳು ಬೆಳೆ ಬಂದ್ರೆ ಸರಿ, ಇಲ್ದಿದ್ರೆ ಕೋಣೆ ಖಾಲಿ ಮಾಡು. ಸೈಕಲ್ ಅಂಗಡಿಯವರು ಕೇಳ್ತಿದ್ದಾರೆ," ಎಂದುಬಿಟ್ಟರು ಅವರು. ಕೋಣೆ ಹೋದರೆ ಇವರು ಬೆಳಗಾಗೆದ್ದು ಎಲ್ಲಿಗೆ ಹೋಗಬೇಕು? ನನಗೆ ಅದೇ ಚಿಂತೆ.

ಹುಲ್ಲು ತುಂಬಿದ ಚೀಲಗಳಲ್ಲಿ ಅಣಬೆ ಬೀಜದಿಂದ ಬೇರಿನಂಥ ಬಿಳಿ ನೂಲು ಚೆನ್ನಾಗಿಯೇ ಹಬ್ಬಿತು. ಆಮೇಲೆ ಬಂದ ಮೊಗ್ಗುಗಳೋ, ಬರೀ ಕತ್ತು! ಕಡ್ಡಿಯಂತೆ ಉದ್ದುದ್ದ, ಕೊಡೆಯೇ ಇಲ್ಲ. ನೀರು ಚಿಮುಕಿಸಿದರು, ಗಾಳಿಗೆ ಫ್ಯಾನ್ ಹಾಕಿದರು. ಹಳೆಯ ಕೆಂಪು ಬಲ್ಬಿನಡಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೇ ಬಂತು.

ಜಾಗ ಸಾಲದೆ ಒಂದು ಚೀಲವನ್ನು ನಾನು ಅಡುಗೆಮನೆಯಲ್ಲಿ ನೇತುಹಾಕಿದ್ದೆ. ಒಂದು ದಿನ ನೋಡುತ್ತೇನೆ, ಗುಂಪುಗುಂಪು ಮೊಗ್ಗು, ಒಂದೊಂದರ ತಲೆಯ ಮೇಲೂ ಪುಟ್ಟ ಕೊಡೆ. ಚೀಲವನ್ನು ಇವರ ಕೋಣೆಗೆ ಹೊತ್ತುಕೊಂಡೇ ಹೋದೆ.

"ನೋಡ್ರೀ, ಅದೇ ಬೀಜ, ಅದೇ ಹುಲ್ಲು. ಇದಕ್ಕೆ ಕಿಟಕಿ ಬೆಳಕು ಸಿಕ್ಕಿದೆ, ಅಷ್ಟೇ."

"ಕತ್ತಲೇಲಿ ಬೆಳೆಯೋದು ಕಣೇ ಅದು. ಬೆಳಕು ಬಿದ್ರೆ ಹಾಳಾಗುತ್ತೆ."

"ಹಾಳಾಗೋದು ನಿಮ್ಮ ಫಿಲ್ಮು! ನೂಲು ಹಬ್ಬೋಕೆ ಕತ್ತಲೆ ಸಾಕು, ಮೊಗ್ಗಿಗೆ ಬೆಳಕು ಬೇಕು. ಕಣ್ಣೆದುರೇ ಇದೆಯಲ್ಲ!"

ಅವರು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿಟಕಿಯ ಕಡೆ ಮೊಗ್ಗು, ಗೋಡೆಯ ಕಡೆ ಬೋಳು.

ಮಾರನೆಯ ಬೆಳಿಗ್ಗೆ ಆ ಕೋಣೆಯಿಂದ ಕರಕರ ಸದ್ದು. ತಾವೇ ಕಪ್ಪು ಬಣ್ಣ ಬಳಿದಿದ್ದ ಕಿಟಕಿಯ ಗಾಜನ್ನು ಬ್ಲೇಡಿನಿಂದ ಕೆರೆಯುತ್ತಿದ್ದರು. ಅಯ್ಯೋ ಪಾಪ ಅನ್ನಿಸಿತು. ನಾನೂ ಒಂದು ಬ್ಲೇಡು ತಂದೆ.

ಉಳಿದ ಚೀಲಗಳಲ್ಲಿ ಒಂದು ವಾರಕ್ಕೆ ಮೊಗ್ಗು ಬಂತು, ಕೊಡೆ ಸಮೇತ. ತಿಂಗಳ ಕೊನೆಗೆ ಬಂದ ಭಾವ ಸುತ್ತ ನೋಡಿ, "ಸೈಕಲ್‌ನವರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತೀನಿ ಬಿಡಪ್ಪ," ಎಂದು ಹೊರಟರು.

ಇವರ ಕೈಗೆ ಟೀ ಕೊಟ್ಟು ಬರುತ್ತ ಅಭ್ಯಾಸಬಲದಿಂದ ಬಾಗಿಲೆಳೆದೆ.

"ಹಾಕ್ಬೇಡ ಕಣೇ, ತೆಗೆದೇ ಇರ್ಲಿ," ಎಂದರು. "ನಿನ್ನ ಲೋಟಾನೂ ಇಲ್ಲಿಗೇ ತಗೊಂಡು ಬಾ."

ನನಗೆ ಕಣ್ಣು ತುಂಬಿ ಬಂತು. ಆ ಕೋಣೆಯಲ್ಲಿ ನಾನು ಕೂತು ಟೀ ಕುಡಿದದ್ದು ಅದೇ ಮೊದಲು.