ರಂಗೋಲಿ ಹುಡಿಯಲ್ಲಿ ಬರೆದ ಹಳ್ಳದ ಕಥೆ

ಅಣ್ಣನ ಮದುವೆಯಾದದ್ದು ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ನಾನು ವೈನಿ ಎನ್ನುತ್ತಿದ್ದ ಅತ್ತಿಗೆ ದುಮ್ಮವಾಡದವಳು, ಅವ್ವನ ಖಾಸಾ ತಮ್ಮನ ಮಗಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. "ನನ್ನ ತಮ್ಮನ ಕೂಸು, ನಾನ ನೋಡ್ಕೊಳ್ಳಲಿಲ್ಲಂದ್ರ ಮತ್ಯಾರು ನೋಡ್ಕೋತಾರ?" ಎಂದು ಅವ್ವ ಸೊಸೆ ಮಾಡಿಕೊಂಡಳು. ಸಣ್ಣಂದಿನಿಂದ ನೋಡಿದ್ದ ಹುಡುಗಿ, ಅಣ್ಣನೂ ಮನಸಾರೆ ಒಪ್ಪಿದ್ದ.

ತವರಿನಲ್ಲಿ ವೈನಿ ಮತ್ತು ಅವಳ ತಾಯಿಯ ನಡುವೆ ಕೈಸನ್ನೆಯ ಭಾಷೆಯೊಂದು ಬೆಳೆದಿತ್ತು. ಅಣ್ಣಿಗೇರಿ ಬಾಜೂಕಿನ ಹಳ್ಳಿಯ ನಮ್ಮ ಮನೆಯಲ್ಲಿ ಅದು ಯಾರಿಗೂ ತಿಳಿಯದು. ಉಣ್ಣು, ಮಲಗು, ಬಾ ಎನ್ನುವಷ್ಟಕ್ಕೇ ನಮ್ಮ ಕೈಗಳು ಸೋಲುತ್ತಿದ್ದವು. ಅವ್ವ ಸೊಸೆಗೆ ಏನಾದರೂ ಹೇಳಬೇಕಾದಾಗ ದನಿ ಏರಿಸುತ್ತಿದ್ದಳು, ಜೋರಾಗಿ ಒದರಿದರೆ ಕೇಳೀತು ಎಂಬಂತೆ. ಅಣ್ಣ ಸಂಜೆ ಹೊಲದಿಂದ ಬಂದು ಅವಳೆದುರು ಕೂರುವನು, ಏನೋ ಹೇಳಲು ಹೋಗುವನು, ಆಗದೆ ನಕ್ಕು ಎದ್ದುಬಿಡುವನು.

ಶ್ರಾವಣದ ಒಂದು ಮಧ್ಯಾಹ್ನ, ನಾಗರ ಪಂಚಮಿಗೆ ಇನ್ನೆರಡು ದಿನ. ಕಾಲೇಜಿಗೆ ರಜೆಯಿದ್ದು ನಾನೂ ಮನೆಯಲ್ಲೇ ಇದ್ದೆ. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಹೆಸರುಕಾಯಿ ಬಿಡಿಸುತ್ತ ಕೂತಿದ್ದರು. ಬಾಜು ಮನೆಯ ಅಜ್ಜಿ, ಓಣಿಗೆಲ್ಲ ಆಯಿ, ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಕಥೆಯನ್ನು ಅರ್ಧ ಹಾಡಿ ಅರ್ಧ ಹೇಳುತ್ತಿದ್ದಳು: ಹಳ್ಳದ ಈಚೆ ದಂಡೆಯ ಹುಡುಗಿ, ಆಚೆ ದಂಡೆಯ ಕುರುಬರ ಹುಡುಗ. ಹುಡುಗಿಗೆ ಬೇರೆ ಕಡೆ ಗಂಡು ಗೊತ್ತಾದ ಸುದ್ದಿ ಕೇಳಿ ಅವನು ತುಂಬಿದ ಹಳ್ಳಕ್ಕೆ ಇಳಿಯುತ್ತಾನೆ. ತೇಲಿ ಬಂದ ಅವನ ಕೋಲನ್ನು ಕಂಡು ಅವಳೂ ಧುಮುಕುತ್ತಾಳೆ. ಎಷ್ಟು ಸಲ ಕೇಳಿದ್ದರೂ ಅಲ್ಲಿಗೆ ಬಂದಾಗ ಎಲ್ಲರ ಸೆರಗೂ ಕಣ್ಣಿಗೆ ಹೋಗುತ್ತಿತ್ತು. ಅಂದು ಅವ್ವ ಬಿಕ್ಕಿ ಬಿಕ್ಕಿ ಅತ್ತಳು.

ವೈನಿ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಎದ್ದವಳೇ ಒಳಗೆ ಓಡಿದಳು. ಹಿಂದೆ ಹೋಗಿ ನೋಡಿದರೆ ಚೀಲದಲ್ಲಿ ಸೀರೆ ತುರುಕುತ್ತಿದ್ದಳು. ನನ್ನನ್ನು ಕಂಡು, ಮೂಗುತಿಯ ಜಾಗ ಮುಟ್ಟಿ, ಕಣ್ಣು ಮುಚ್ಚಿ, ಕತ್ತು ವಾಲಿಸಿದಳು. ಮೂಗುತಿ ಎಂದರೆ ಅವಳ ತಾಯಿ; ಅವಳ ಸನ್ನೆಗಳಲ್ಲಿ ನಾನು ಕಲಿತಿದ್ದು ಅದೊಂದನ್ನೇ. ತಾಯಿ ಸತ್ತಳೇ ಎಂದು ಕೇಳುತ್ತಿದ್ದಳು!

"ಇಲ್ಲ ವೈನಿ, ಇಲ್ಲ!" ಎಂದು ನಾನು ತಲೆಯಾಡಿಸಿದಷ್ಟೂ ಅವಳ ಭಯ ಹೆಚ್ಚಿತು. ಎಲ್ಲರೂ ಅತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳಲ್ಲ.

ಏನು ಮಾಡಲೆಂದು ತೋಚದೆ ಅವಳನ್ನು ಪಡಸಾಲೆಗೆ ಕರೆತಂದೆ. ಜಗುಲಿಯ ಮೇಲಿದ್ದ ರಂಗೋಲಿ ಬಟ್ಟಲು ತಂದು, ಸಾರಿಸಿದ ನೆಲದ ಮೇಲೆ ಎರಡು ಅಂಕುಡೊಂಕು ಗೆರೆ ಎಳೆದೆ. ಅದು ಹಳ್ಳ. ಈಚೆಗೆ ಒಂದು ಕೊಡ ಬರೆದೆ, ನೀರಿಗೆ ಬರುವ ಹುಡುಗಿ ಅದು. ಆಚೆಗೆ ಕುರಿ ಕಾಯುವವನ ಕೋಲು. ಗೆರೆಗಳ ನಡುವೆ ಅಲೆಗಳನ್ನು ತುಂಬಿಸಿದೆ. ಆಚೆಯ ಕೋಲನ್ನು ಅಳಿಸಿ ನೀರಿನ ನಡುವೆ ಬರೆದೆ. ಆಮೇಲೆ ಕೊಡವನ್ನೂ ಅಳಿಸಿ ಅದರ ಪಕ್ಕದಲ್ಲೇ ಬರೆದೆ. ಆಯಿಯ ಬಾಯಿ ತೋರಿಸಿ, ಬಹಳ ಹಿಂದಿನದು ಎಂದು ಹೆಗಲ ಮೇಲಿಂದ ಕೈ ಬೀಸಿದೆ. ಕೊನೆಗೆ ನನ್ನ ಮೂಗು ಮುಟ್ಟಿ, ರೊಟ್ಟಿ ಬಡಿಯುವಂತೆ ಅಂಗೈ ತಟ್ಟಿದೆ: ನಿನ್ನ ತಾಯಿ ಆರಾಮ ರೊಟ್ಟಿ ಬಡಿಯುತ್ತಿದ್ದಾಳೆ.

ವೈನಿ ಬಹಳ ಹೊತ್ತು ನೆಲ ನೋಡಿದಳು. ಕಣ್ಣಲ್ಲಿ ನೀರು ಬಂತು, ಕೂಡಲೇ ನಗುವೂ ಬಂತು. ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆಮೇಲೆ ಬಟ್ಟಲು ಕಸಿದುಕೊಂಡು ಪಕ್ಕದಲ್ಲಿ ತಾನೇ ಬರೆಯತೊಡಗಿದಳು. ಅದೇ ಹಳ್ಳ, ಆದರೆ ನೀರಿಲ್ಲ. ಮೇಲೆ ದೊಡ್ಡ ಸೂರ್ಯ. ಮರಳಿನಲ್ಲಿ ದಾಟಿ ಹೋದ ಹೆಜ್ಜೆಗಳು. ಬರೆದು ಆಯಿಯತ್ತ ಹುಬ್ಬೇರಿಸಿದಳು.

"ಏನಂತಾಳಬೇ ನಿನ್ನ ಸೊಸಿ?" ಆಯಿ ಕೇಳಿದಳು.

ಅವ್ವ ಬಗ್ಗಿ ನೋಡಿ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಬ್ಯಾಸಗಿತನಾ ಯಾಕ ಕಾಯಲಿಲ್ಲ ಅಂತ ಕೇಳಾಕತ್ಯಾಳ ನೋಡ್ರಿ!"

"ಅಯ್ಯ, ಖರೇನ ಐತಲ್ಲವಾ! ಇಷ್ಟು ವರ್ಷ ಹಾಡೀನಿ, ನನಗ ಹೊಳೀಲಿಲ್ಲ ನೋಡು," ಎಂದು ಆಯಿ ಹಣೆ ಬಡಿದುಕೊಂಡಳು. ಪಡಸಾಲೆಯಲ್ಲೆಲ್ಲ ನಗೆ. ವೈನಿಯೂ ನಕ್ಕಳು. ನಮ್ಮನ್ನೆಲ್ಲ ನಗಿಸಿದವಳು ತಾನೇ ಎಂಬುದು ಅವಳಿಗೆ ತಿಳಿದಿತ್ತು.

ಸಂಜೆ ಅಣ್ಣ ಬಂದಾಗ ಅವನ ರಟ್ಟೆ ಹಿಡಿದು ಎಳೆದು ತಂದು ನೆಲದ ಚಿತ್ರ ತೋರಿಸಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಆಮೇಲೆ ಅವನು ನಿಧಾನಕ್ಕೆ ಕೂತು, ಬಟ್ಟಲಿಗೆ ಕೈ ಹಾಕಿ, ಒಂದು ಬಂಡಿ ಬರೆದು, ಅದರಲ್ಲಿ ಎರಡು ತಲೆ ಇಟ್ಟ. ಪಂಚಮಿಗೆ ತವರಿಗೆ ಹೋಗೂಣು ಎಂದು ಮದುವೆಯಾದಾಗಿನಿಂದ ಹೇಳಬೇಕೆಂದಿದ್ದನಂತೆ.

ಮುಂದೆ ಅಡುಗೆಮನೆಯ ಗೋಡೆಯೇ ನಮ್ಮ ಬರೆಯುವ ಪಾಟಿಯಾಯಿತು. ಎಲ್ಲರ ಕೈಗೂ ಇದ್ದಿಲು ಬಂತು. ಬರೆಯುತ್ತ ಬರೆಯುತ್ತ ಅವಳ ಕೈಸನ್ನೆಗಳೂ ನಮಗೆ ಒಂದೊಂದಾಗಿ ತಿಳಿದವು. ಅವ್ವ ಒದರುವುದನ್ನು ಬಿಟ್ಟಳು. ಎಮ್ಮೆ ಈಯುವ ಕಾಲ ಬಂತೆಂದು ಹೇಳಲು ಅವ್ವ ಬರೆದ ಎಮ್ಮೆ ಮಾತ್ರ ಆಡಿನಂತಿತ್ತು. ವೈನಿ ಅದರ ಗದ್ದಕ್ಕೆ ನಾಲ್ಕು ಕೂದಲು ಸೇರಿಸಿ, ಅತ್ತೆಯ ಮುಖ ನೋಡುತ್ತ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.