ಮೇಜಿನ ಮೇಲೆ ಬಿಡದ ಪುಸ್ತಕ

ಮೊಬೈಲು ಬಂತು, ಓದು ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಹೇಳುವಾಗ ಒಂದು ನಿಟ್ಟುಸಿರನ್ನೂ ಸೇರಿಸುತ್ತಾರೆ, ಅದೇ ಪುರಾವೆಯೆಂಬಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಇಂಥ ನಿಟ್ಟುಸಿರು ಕಂಡರಾಗದು. ಓದು ಹೋದದ್ದನ್ನು ಕಂಡವರು ಯಾರು? ಚಿಕ್ಕೋಡಿಯ ನಮ್ಮ ಗ್ರಂಥಾಲಯದ ಮಟ್ಟಿಗಂತೂ ಈ ಪ್ರಶ್ನೆಗೆ ಉತ್ತರವು ಗೋಡೆಯ ಮೇಲಿನ ತಗಡಿನ ಫಲಕದಲ್ಲಿದೆ: ‘ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿರಿ.’

ಗ್ರಂಥಪಾಲಕರ ಈ ವೃತ್ತಿಗೆ ಹೊಸದಾಗಿ ಬರುವ ಗೆಳೆಯರೇ, ನನಗೆ ಕಲಿಸಿದಂತೆ ನಿಮಗೂ ಇದರ ಮರ್ಮ ಕಲಿಸುತ್ತಾರೆ. ಸಂಜೆ ಮೇಜಿನ ಮೇಲೆ ಉಳಿದವು ಓದಿಸಿಕೊಂಡ ಪುಸ್ತಕಗಳು. ಅವನ್ನು ದಾಖಲೆಯಲ್ಲಿ ಗುರುತು ಹಾಕಿಕೊಂಡು ಕಪಾಟಿಗೆ ಸೇರಿಸಬೇಕು. ವರ್ಷಗಟ್ಟಲೆ ಮೇಜಿಗೂ ಬಾರದ, ಯಾರ ಮನೆಗೂ ಹೋಗದ ಪುಸ್ತಕಗಳನ್ನು ತೆಗೆದು ಜಾಗ ಮಾಡಬೇಕು. ಅಚ್ಚುಕಟ್ಟಾದ ತರ್ಕ. ಅಕ್ಕಾತಾಯಿಯನ್ನು ನೋಡದಿದ್ದರೆ ನಾನೂ ಇದರ ಪರವಾಗಿಯೇ ವಾದಿಸುತ್ತಿದ್ದೆ.

ಅಕ್ಕಾತಾಯಿ ಹತ್ತಿರದ ಕರೋಶಿ ಎಂಬ ಹಳ್ಳಿಯವರು. ಗಂಡನಿಗೆ ವಾರಕ್ಕೆರಡು ಸಲ ಇಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಆತನ ರಕ್ತ ಯಂತ್ರದೊಳಗೆ ಹೋಗಿ ಬರುವಷ್ಟು ಹೊತ್ತು ಈಕೆ ನಮ್ಮಲ್ಲಿ ಕೂತು ಮರಾಠಿ ಕಾದಂಬರಿಯೊಳಗೆ ಹೋಗಿ ಬರುತ್ತಿದ್ದರು. ಕಲಿತದ್ದು ನಿಪ್ಪಾಣಿಯ ಮರಾಠಿ ಶಾಲೆಯಲ್ಲಿ. ಕನ್ನಡ ಬಂದದ್ದು ಮದುವೆಯಾದ ಮೇಲೆ ಅತ್ತೆಯ ಬಾಯಿಂದ, ಮಾತಾಗಿ ಮಾತ್ರ, ಅಕ್ಷರವಾಗಿ ಅಲ್ಲ. ಫಲಕ ಆಕೆಗೆ ಬರೀ ತಗಡು. ಏಳುವಾಗ ಬಸ್ ಟಿಕೀಟನ್ನು ಹಾಳೆಗಳ ನಡುವೆ ಸಿಕ್ಕಿಸಿ, ಸೆರಗಿನಿಂದ ಪುಸ್ತಕ ಒರೆಸಿ, ತೆಗೆದಲ್ಲೇ ಇಡುತ್ತಿದ್ದರು.

“ಅಲ್ಲೇ ಬಿಡ್ರಿ ಕಾಕು, ನಾ ಇಡತೀನಿ,” ಎಂದೆ ಒಮ್ಮೆ.

“ಉಂಡ ತಾಟು ಅಲ್ಲೇ ಬಿಟ್ಟು ಏಳೂ ಮಂದಿ ಅಲ್ಲ ತಂಗಿ ನಾವು!”

ಆ ಸೌಜನ್ಯವೇ ಆಕೆಯ ಎಷ್ಟೋ ವರ್ಷಗಳ ಓದನ್ನು ನಮ್ಮ ದಾಖಲೆಯಿಂದ ಅಳಿಸಿತ್ತು. ಮರಾಠಿ ಕಪಾಟು ತೆರವು ಮಾಡುವ ಮಾತು ಬಂದಾಗ ನಾನು ಹಿರಿಯ ಗ್ರಂಥಪಾಲಕರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

“ಒಬ್ಬಾಕಿ ಸಲುವಾಗಿ ಇಡೀ ಕಪಾಟ ಇಡಾಕ ಬರತೈತೇನವಾ?”

“ಒಬ್ರಲ್ಲ ಸರ, ಇಬ್ರು. ಓದಿದ್ದನ್ನ ಬಸ್ಸಿನ್ಯಾಗ ಗಂಡಗ ಹೇಳ್ಕೋತ ಹೋಗತಾರ.”

ಅವರು ನಕ್ಕುಬಿಟ್ಟರು. “ನಿನ್ನ ಜೋಡಿ ವಾದಾ ಮಾಡಿ ಯಾರ ಗೆದ್ದಾರ, ಬಿಡು!”

ಗೆದ್ದೆ ಎಂದುಕೊಂಡೇ ನಾನು ತರಬೇತಿಗೆಂದು ಬೆಳಗಾವಿಗೆ ಹೋದೆ. ತರಬೇತಿಯ ವಿಷಯ, ಓದುಗರ ಸೇವೆ. ತಿರುಗಿ ಬಂದಾಗ ಕಪಾಟು ಬೋಳಾಗಿತ್ತು. ಪುಸ್ತಕ ತುಂಬಿದ ಚೀಲಗಳು ರದ್ದಿಯವನ ಟೆಂಪೋ ಹತ್ತಿ ಆಗಲೇ ಹೋಗಿದ್ದವು. ವೇದಿಕೆಯ ಮೇಲಾದರೆ ಸೋತವರು ಸೋಲೊಪ್ಪಿ ಕೈಕುಲುಕುತ್ತಾರೆ. ಕಚೇರಿಯಲ್ಲಿ ಅವರು ಒಪ್ಪಿದಂತೆ ನಕ್ಕು, ತಮ್ಮ ಕೆಲಸ ಮುಗಿಸುತ್ತಾರೆ. ಈ ಭೇದವನ್ನು ಯಾವ ತರಗತಿಯೂ ನನಗೆ ಕಲಿಸಿರಲಿಲ್ಲ.

ಮರುದಿನ ಅಕ್ಕಾತಾಯಿ ಬಂದರು. ಖಾಲಿ ಹಲಗೆಯ ಮೇಲೆ ಕೈಯಾಡಿಸಿದರು, ಕತ್ತಲಲ್ಲಿ ಕಡ್ಡಿಪೆಟ್ಟಿಗೆ ಹುಡುಕುವವರಂತೆ. ಟಿಕೀಟು ಸಿಕ್ಕಿಸಿದ್ದ ಪುಸ್ತಕದಲ್ಲಿ ಇನ್ನು ಕೆಲವೇ ಹಾಳೆ ಉಳಿದಿದ್ದವಂತೆ.

“ಅವನ್ನ ಯಾರೂ ಓದತಿದ್ದಿಲ್ರಿ, ಅದಕ್ಕ ತಗದ್ವಿ,” ಎಂದರು ಹಿರಿಯರು. ರೂಢಿಯಂತೆ ಅವರ ಬೆರಳು ಫಲಕದ ಕಡೆ ಹೋಯಿತು.

ಅಕ್ಕಾತಾಯಿ ಆ ತಗಡನ್ನು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ, ನನಗೆ ಓದಲು ಬರುತ್ತದೆ, ಆದರೆ ಆ ಕ್ಷಣಕ್ಕೆ ಅದು ನನಗೂ ಬರೀ ತಗಡಾಗಿತ್ತು. ಆಮೇಲೆ ಅವರು ಮೆಲ್ಲಗೆ ಕೇಳಿದರು:

“ಯಾರೂ ಓದತಿದ್ದಿಲ್ಲ ಅಂತೀರಿ. ಮುಂದ ಏನಾತು ಅಂತ ನಮ್ಮ ಮನಿಯವರು ಇವತ್ತ ಬಸ್ಸಿನ್ಯಾಗ ಕೇಳಿದ್ರ, ನಾ ಏನ ಹೇಳ್ಲಿರಿ ಸಾಹೇಬ್ರ?”