ಚಿಲಕದ ಮೇಲಿನ ಕೈ

ಬೆಳಿಗ್ಗೆ ಫೋನ್ ಟಣ್ ಎಂದರೆ ಆಲೂರು ಸೀಮೆಯ ನಮಗೆ ಮೊದಲು ಎದೆ ಧಸಕ್ಕೆನ್ನುತ್ತದೆ. ಕಾಡಾನೆ ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆ ತಿಳಿಸುವ ಸಂದೇಶ ಬರುವುದು ಅದೇ ಹೊತ್ತಿಗೆ. ಇವತ್ತು ಬಂದದ್ದು ನನ್ನ ಹಳೆಯ ವಿದ್ಯಾರ್ಥಿನಿ ಕಾವ್ಯಳದು. ಪ್ರದರ್ಶನಕ್ಕೆ ತನ್ನದೊಂದು ಚಿತ್ರ ಕಳಿಸುತ್ತಾಳಂತೆ. "ಮೇಡಂ, ಆಯ್ಕೆ ಮಾಡೋರು ಏನು ನೋಡ್ತಾರೆ?"

ಡ್ರಾಯಿಂಗ್ ಟೀಚರಿಗೆ ಇಂಥ ಪ್ರಶ್ನೆ ಸಿಕ್ಕರೆ ಕೇಳಬೇಕೆ? ಬರೆಯತೊಡಗಿದೆ: ಚಿತ್ರದ ಫೋಟೊ ನೆರಳಲ್ಲಿ ತೆಗಿ, ಫ್ಲ್ಯಾಶ್ ಬೇಡ. ಅಳತೆ ಎರಡು ಸಲ ನೋಡು. ಮಳೆಗಾಲದಲ್ಲಿ ನಮ್ಮಲ್ಲಿ ಎಣ್ಣೆಬಣ್ಣ ತಿಂಗಳಾದರೂ ಒಣಗದು, ಹಸಿ ಚಿತ್ರ ಪ್ಯಾಕ್ ಮಾಡಬೇಡ. ಅಷ್ಟರಲ್ಲಿ ಶಾರದಕ್ಕ ನೆನಪಾಗಿ ಬೆರಳು ನಿಂತಿತು.

ಶಾರದಕ್ಕನ ವಿಷಯ ನಿಮಗೆ ಹೇಳಲೇಬೇಕು. ನಮ್ಮ ಪಕ್ಕದ ಮನೆಯವಳು. ಅವಳ ಗಂಡನನ್ನು ಒಂದು ಮುಂಜಾನೆ ಅಂಗಳದಲ್ಲೇ ಆನೆ ತುಳಿದು ಕೊಂದಿತ್ತು. ಅದಾಗಿ ಎರಡು ವರ್ಷಕ್ಕೆ ನಾನು ಮೊದಲ ಸಲ ಪ್ರದರ್ಶನಕ್ಕೆಂದು ಚಿತ್ರ ಬರೆದೆ: ಮುಚ್ಚಿದ ಬಾಗಿಲು, ಒಳಗೆ ಶಾರದಕ್ಕ, ಎರಡೂ ಕೈ ಚಿಲಕದ ಮೇಲೆ. ಆನೆ ಬಂತೆಂದರೆ ಹಾಗೆ ನಿಲ್ಲುತ್ತಿದ್ದವಳು ನಾನು. ನನ್ನ ಹೆದರಿಕೆಗೆ ಅವಳ ಮುಖ ಇಟ್ಟೆ, ಅಷ್ಟೇ. ಕಳಿಸುವ ಹಿಂದಿನ ದಿನ ಅವಳಿಗೆ ತೋರಿಸಲು ಹೋದೆ. ಒಪ್ಪಿಗೆ ಕೇಳಲೆಂದಲ್ಲ, ಹೊಗಳಿಸಿಕೊಳ್ಳಲು. ಮೂಗು ಸರಿಯಾಗಿಲ್ಲ ಎಂದಾಳೋ ಎಂಬುದೇ ನನ್ನ ದೊಡ್ಡ ಚಿಂತೆ!

ಅವಳು ಮೂಗು ನೋಡಲೇ ಇಲ್ಲ. ಚಿತ್ರದ ಕೈಗಳನ್ನೇ ನೋಡಿದಳು.

"ನಿಂಗ್ಯಾರವ್ವ ಹೇಳಿದ್ದು?"

"ಏನಕ್ಕಾ?"

"ಅವತ್ತು ಅವರು ಹೊರಗಿಂದ ಬಾಗ್ಲು ಬಡೀತಿದ್ರು. ನಂಗೆ ತೆಗೆಯೋಕಾಗ್ಲಿಲ್ಲ. ಹಿಂಗೇ ಹಿಡ್ಕೊಂಡು ನಿಂತ್ಬುಟ್ಟೆ." ಆಮೇಲೆ ನನ್ನ ಸೆರಗು ಹಿಡಿದಳು. "ಮಗಳಿಗೆ ಗೊತ್ತಿಲ್ಲ ಕಣವ್ವ. ಕಳಿಸ್ಬ್ಯಾಡ."

ಕಳಿಸಲಿಲ್ಲ. ಆದರೆ ಅಂದಿನಿಂದ ಯಾರ ಮುಖ ಬರೆಯಲು ಕೂತರೂ ಭಯ, ಅವರು ಮುಚ್ಚಿಟ್ಟದ್ದನ್ನು ತಿಳಿಯದೆ ಬರೆದುಬಿಡುತ್ತೇನೋ ಎಂದು. ಹೂವು, ಹಣ್ಣು, ಬೆಟ್ಟ ಬರೆದುಕೊಂಡೇ ಇಷ್ಟು ವರ್ಷ ಕಳೆದೆ. ಮಕ್ಕಳಿಗೆ ಅಳತೆ, ಫ್ಲ್ಯಾಶ್ ಎಂದು ಬುದ್ಧಿ ಹೇಳಿದೆನೇ ಹೊರತು ಇದನ್ನು ಹೇಳಲಿಲ್ಲ.

ಇವತ್ತು ಮೊದಲ ಸಲ ಸೇರಿಸಿದೆ: "ಚಿತ್ರದಲ್ಲಿ ಯಾರಿದ್ದಾರೋ ಅವರಿಗೆ ಮೊದಲು ತೋರಿಸು."

ಕಾವ್ಯಳ ಉತ್ತರ ಬಂತು: "ನಮ್ಮಮ್ಮ ಮೇಡಂ. ಒಲೆ ಮುಂದೆ ಒಬ್ಳೇ ಅಳ್ತಿರೋದು. ನಾನು ನೋಡಿದ್ದು ಅಮ್ಮಂಗೆ ಗೊತ್ತಿಲ್ಲ. ತೋರ್ಸೋಕೆ ಭಯ ಆಗ್ತೈತೆ."

"ಇರು, ನಾನೂ ಬರ್ತೀನಿ" ಎಂದು ಬರೆದು ಚಪ್ಪಲಿ ಮೆಟ್ಟಿದೆ. ಧೈರ್ಯ ಬಂದು ಹೊರಟೆನೆಂದು ತಿಳಿಯಬೇಡಿ. ಆ ಹುಡುಗಿಯನ್ನು ಅವಳಮ್ಮನ ಮುಂದೆ ಒಬ್ಬಳೇ ನಿಲ್ಲಲು ಬಿಡುವುದಕ್ಕೆ ಇನ್ನೂ ಹೆಚ್ಚು ಹೆದರಿಕೆಯಾಯಿತು.